ಲಕ್ವ ಅಂದರೆ ಯಾವ ಲಕ್ವ?

"ಅಜ್ಜನಿಗೆ ಲಕ್ವ ಹೊಡೆದಿದೆ, ಬೇಗ ಬನ್ನಿ." 108ಕ್ಕೆ ಇಷ್ಟೇ ಹೇಳಿದರೆ ಸಾಲದು. ನಮ್ಮ ಕೊಡಗಿನ ಕಡೆ ಬಾಯಿ ಸೊಟ್ಟಗಾದರೂ ಲಕ್ವ, ಒಂದು ಬದಿಯ ಕೈಕಾಲು ಬಿದ್ದುಹೋದರೂ ಲಕ್ವ, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದರೂ ಲಕ್ವ. ಮಾತಿನ ಭರದಲ್ಲಿ ಆಡಳಿತಕ್ಕೂ ಲಕ್ವ ಹೊಡೆಸುತ್ತೇವೆ.

ಅರಬ್ಬಿಯಿಂದ ಬಂದ ಈ ಪದಕ್ಕೆ ಅಲ್ಲಿ ಮುಖ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ಪಾರ್ಶ್ವವಾಯು ಎಂದರೆ ಒಂದು ಮಗ್ಗುಲಿನದು. ಎರಡೂ ಕಾಲು ಒಟ್ಟಿಗೆ ಹೋದರೆ ಆ ಹೆಸರು ಸಲ್ಲದು, ಆಗ ಮೊದಲು ಬೆನ್ನುಹುರಿಯನ್ನು ನೋಡಬೇಕು. ಚಕ್ಕಳಮಕ್ಕಳ ಕೂತು ಕಾಲು ಜೋಮು ಹಿಡಿಯುವುದು ಇದ್ಯಾವುದೂ ಅಲ್ಲ, ಎದ್ದು ನಡೆದಾಡಿದರೆ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಆ 'ವಾಯು' ಪದದ ಮೇಲೆ. ಶೀತಗಾಳಿ ಬಡಿದಿದೆ ಎಂದು ಕಂಬಳಿ ಹೊದಿಸಿ, ಎಣ್ಣೆ ತಿಕ್ಕಿ, ಬೆಳಗಾಗಲಿ ಎಂದು ಕಾಯುತ್ತಾರೆ. ಒಳಗೆ ಆಗಿರುವುದು ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದು ಅಥವಾ ಒಡೆದದ್ದು. 2018ರ ಆಗಸ್ಟಿನಲ್ಲಿ ಮಡಿಕೇರಿ-ಮಂಗಳೂರು ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮಣ್ಣು ತೆಗೆದರೆ ರಸ್ತೆಯಲ್ಲಿ ಮತ್ತೆ ಬಸ್ಸು ಓಡುತ್ತದೆ. ಸತ್ತ ನರಕೋಶ ಮರಳುವುದಿಲ್ಲ, ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ಸಾಯುತ್ತವೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯವರು ಮೊದಲು ಮಡಿಕೇರಿ ತಲುಪಬೇಕು. ಹಾಗಾಗಿ ಫೋನಿನಲ್ಲಿ ಹೀಗೆ ಹೇಳಿ: "ಬಲಗೈ, ಬಲಗಾಲು ಎತ್ತುತ್ತಿಲ್ಲ, ಮಾತು ತೊದಲುತ್ತಿದೆ, ಆರೂವರೆಗೆ ಕಾಫಿ ಕುಡಿಯುವಾಗ ಸರಿಯಿದ್ದರು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು." ಗಂಟೆ ಲೆಕ್ಕ ಶುರುವಾಗುವುದು ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ದರೆ, ಮಲಗಿದ ಹೊತ್ತು ಹೇಳಿ.

ಬಾಯಿಗೆ ನೀರು, ಗಂಜಿ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯೂ ಬೇಡ, ಒಳಗೆ ರಕ್ತ ಸೋರುತ್ತಿದೆಯೋ ಹೆಪ್ಪಿದೆಯೋ ಸ್ಕ್ಯಾನ್ ಆಗುವ ತನಕ ಗೊತ್ತಾಗದು. ಶುಗರ್ ಇರುವವರಾದರೆ ಗ್ಲುಕೋಮೀಟರಿನಲ್ಲಿ ನೋಡಿ, ಸಕ್ಕರೆ ಕುಸಿದಾಗಲೂ ಒಂದು ಬದಿ ಬೀಳುವುದುಂಟು.

ಬಾಯಿ ಮಾತ್ರ ಸೊಟ್ಟಗಿದ್ದರೆ ಹುಬ್ಬು ಮೇಲೆತ್ತಲು ಹೇಳಿ, ಹಣೆ ಗಮನಿಸಿ. ಜೊಲ್ಲು ಬಾಯಿಯ ಒಂದು ಮೂಲೆಯಿಂದ ಸೋರುತ್ತದೆ, ಆದರೆ ಹಣೆಯಲ್ಲಿ ಎರಡೂ ಕಡೆ ಗೆರೆ ಮೂಡುತ್ತದೆ ಅಂದರೆ ತೊಂದರೆ ಮಿದುಳಿನಲ್ಲಿರುವ ಸಾಧ್ಯತೆ ಹೆಚ್ಚು. ಆ ಬದಿಯ ಹಣೆಯೂ ನುಣುಪಾಗಿ, ಕಣ್ಣು ಮುಚ್ಚಲಾಗದಿದ್ದರೆ ಸಾಮಾನ್ಯವಾಗಿ ಮುಖದ ನರದ್ದು. ಅದಕ್ಕೆ ಸ್ಟೆರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು, ಕಣ್ಣು ಒಣಗದಂತೆ ಹನಿ ಹಾಕಿ ರಾತ್ರಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಬೇಕು. ಎರಡರಲ್ಲಿ ಯಾವುದೆಂದು ತೀರ್ಮಾನಿಸಬೇಕಾದವರು ಡಾಕ್ಟರು, ತಡ ಮಾಡದೆ ಹೊರಡಿ.

ತೋಟದಲ್ಲಿ ಬಿದ್ದವರದ್ದು ಬೇರೆ ದಾರಿ. ಕಂಕುಳಿಗೆ ಕೈ ಹಾಕಿ ಎತ್ತಿ ಜೀಪಿನಲ್ಲಿ ಕೂರಿಸುವುದೇ ದೊಡ್ಡ ತಪ್ಪು. ಮುರಿದ ಮೂಳೆ ಸರಿದು, ಅರ್ಧ ಉಳಿದಿದ್ದ ಬೆನ್ನುಹುರಿಯೂ ಜಜ್ಜಿಹೋಗುತ್ತದೆ. ಆಂಬುಲೆನ್ಸ್ ಬರುವ ತನಕ ಕದಲಿಸಬೇಡಿ. ಸರಿಸಲೇಬೇಕಾದರೆ ನಾಲ್ಕು ಜನ ಬೇಕು. ಒಬ್ಬರು ತಲೆ ಕತ್ತನ್ನು ನೇರ ಹಿಡಿದು ಎಣಿಸಲಿ, ಮೂವರು ಹೆಗಲು, ಸೊಂಟ, ಕಾಲು ಹಿಡಿದು ಮರದ ದಿಮ್ಮಿಯಂತೆ ಒಟ್ಟಿಗೆ ಮಗ್ಗುಲಾಗಿಸಿ, ಬೆನ್ನಿನಡಿ ಉದ್ದ ಹಲಗೆ ತಳ್ಳಿ, ಮತ್ತೆ ಒಟ್ಟಿಗೇ ಅಂಗಾತ ಮಲಗಿಸಲಿ.