ನಾಯಿಗೆ ಎರಡು, ಬೆಟ್ಟಕ್ಕೆ ಒಂದು

ತುಮಕೂರಿನ ಅಮಾನಿಕೆರೆಯ ಉದ್ಯಾನಕ್ಕೆ ಬೆಳಗಿನ ನಡಿಗೆಗೆಂದು ಬರುವವರಲ್ಲಿ ಕೆಲವರಿಗೆ ಬೀದಿನಾಯಿಗಳ ಭಯ, ಕೆಲವರಿಗೆ ಸಕ್ಕರೆ ಕಾಯಿಲೆಯ ಭಯ. ನನಗಿರುವುದು ಬಾಲಸಾಹಿತಿಯೊಬ್ಬರ ಭಯ. ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದ ಮೇಷ್ಟ್ರು ಅವರು, ಆದ್ದರಿಂದ ಕಂಡರೂ ಕಾಣದಂತೆ ಹೋಗುವ ಹಾಗಿಲ್ಲ. ನಾನು ಎಡಕ್ಕೆ ಸುತ್ತಿದರೆ ಅವರು ಬಲಕ್ಕೆ ಸುತ್ತುತ್ತಾರೆ, ಹಾಗಾಗಿ ಒಂದು ಸುತ್ತಿಗೆ ಎರಡು ಬಾರಿ ಎದುರಾಗುತ್ತಾರೆ, ಎರಡು ಬಾರಿಯೂ ಪ್ರಶ್ನೆ ಒಂದೇ: "ಏನಮ್ಮಾ, ಓದಿದ್ಯಾ?" ಮೊದಲ ಸಲ "ಶುರು ಮಾಡಿದೀನಿ ಸಾರ್" ಎನ್ನುತ್ತೇನೆ, ಎರಡನೆಯ ಸಲ "ಮುಗೀತಾ ಬಂತು ಸಾರ್" ಎನ್ನುತ್ತೇನೆ. ಅರ್ಧ ಸುತ್ತು ನಡೆಯುವಷ್ಟರಲ್ಲಿ ಕಾದಂಬರಿಯೊಂದನ್ನು ಮುಗಿಸುತ್ತಾ ಬಂದವಳು ನಾನೊಬ್ಬಳೇ ಇರಬೇಕು.

ತಪ್ಪು ನನ್ನದೇ. ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಮಕ್ಕಳ ಪುಸ್ತಕಗಳ ಬಗ್ಗೆ 300 ಪದಗಳ ವಿಮರ್ಶೆ ಬರೆಯಲು ಒಪ್ಪಿಕೊಂಡ ದಿನದಿಂದ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಸಿಗದಂತಾಗಿದೆ. ಬಂದ ಪುಸ್ತಕಗಳಿಗೆಲ್ಲ ವಿಮರ್ಶೆಯ ಭಾಗ್ಯವಿಲ್ಲ; ಹೆಚ್ಚಿನವು 'ಸಾದರ ಸ್ವೀಕಾರ'ದ ಪಟ್ಟಿಗೆ ಸೇರಿ, ಹೆಸರು, ಪುಟ, ಬೆಲೆ ಮಾತ್ರ ಅಚ್ಚಾಗುತ್ತವೆ. ಲೇಖಕರ ಪಾಲಿಗೆ ಅದು ಮದುವೆಮನೆಯಲ್ಲಿ ಎಲೆ ಹಾಕದೆ ತಾಂಬೂಲ ಕೊಟ್ಟು ಕಳಿಸಿದ ಹಾಗೆ. ಮೇಷ್ಟ್ರಿಗೆ ತಾಂಬೂಲ ಕೊಟ್ಟು ಕಳಿಸುವ ಧೈರ್ಯ ನನಗಿರಲಿಲ್ಲ.

ಅವರದು 128 ಪುಟಗಳ, 1/8 ಡೆಮಿ ಆಕಾರದ, 70 ಜಿಎಸ್‌ಎಂ ಕಾಗದದ, ಹದಿಹರೆಯದವರಿಗಾಗಿ ಬರೆದ ಕಾದಂಬರಿ. ನಾಲ್ವರು ಮಕ್ಕಳು ಒಂದು ನಾಯಿಯನ್ನು ಕರೆದುಕೊಂಡು ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ನಿಧಿ ಹುಡುಕಲು ಹೊರಡುತ್ತಾರೆ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಆದರೆ ಹದಿಮೂರು ವರ್ಷದ ನಾಯಕ ಬಾಯಿ ತೆರೆದರೆ "ಮಿತ್ರರೇ, ಪರಿಸರ ಸಂರಕ್ಷಣೆಯು ನಮ್ಮೆಲ್ಲರ ಆದ್ಯ ಕರ್ತವ್ಯವಲ್ಲವೇ?" ಎನ್ನುತ್ತಾನೆ, ಮಿತ್ರರು ಅವನನ್ನು ಅಲ್ಲಿಂದ ಕೆಳಕ್ಕೆ ತಳ್ಳದೆ "ಹೌದು, ನಿನ್ನ ಮಾತು ಅಕ್ಷರಶಃ ಸತ್ಯ" ಎನ್ನುತ್ತಾರೆ. ಪ್ರತಿ ಅಧ್ಯಾಯದ ಕೊನೆಗೆ ಚೌಕಟ್ಟಿನೊಳಗೆ ಒಂದು ನೀತಿ. ಕೊನೆಗೆ ಪೆಟ್ಟಿಗೆ ತೆರೆದರೆ ಒಳಗಿರುವುದು 'ಪರಿಶ್ರಮವೇ ನಿಜವಾದ ನಿಧಿ' ಎಂದು ಬರೆದ ತಾಳೆಗರಿ. ನನ್ನ ಮೇಜಿಗೆ ಬರುವ ಪುಸ್ತಕಗಳಲ್ಲಿ ಕನ್ನಡದ ಮಕ್ಕಳು ಇಷ್ಟು ವರ್ಷಗಳಿಂದ ಅಗೆಯುತ್ತಲೇ ಇದ್ದಾರೆ. ಪಾಪ, ಒಬ್ಬರಿಗಾದರೂ ಒಂದು ಚಿನ್ನದ ನಾಣ್ಯ ಸಿಕ್ಕಿದ್ದಿಲ್ಲ.

ತಾಳೆಗರಿಯ ವಿಷಯ ನನಗೆ ತಿಳಿದದ್ದು ತಡವಾಗಿ, ಏಕೆಂದರೆ ನಾನು 40ನೆಯ ಪುಟದಲ್ಲೇ ನಿಂತಿದ್ದೆ. ದಸರಾ ರಜೆಗೆ ಬಂದಿದ್ದ ತಂಗಿಯ ಮಗಳು, ಏಳನೆಯ ತರಗತಿಯವಳು, "ಬೇಜಾರು ದೊಡ್ಡಮ್ಮ" ಎಂದಾಗ ಪುಸ್ತಕವನ್ನು ಅವಳ ಕೈಗಿತ್ತು, ನಲವತ್ತು ಪುಟ, ಮುನ್ನುಡಿ ಮತ್ತು ಬೆನ್ನುಡಿಗಳ ಬಲದಿಂದ ನನ್ನ 300 ಪದಗಳನ್ನು ಪೂರೈಸಿ ಕಳಿಸಿಬಿಟ್ಟೆ. 'ಮೊದಲ ಪುಟದಿಂದ ಕೊನೆಯವರೆಗೂ ಕುತೂಹಲ ಕಾಯ್ದುಕೊಳ್ಳುತ್ತದೆ', 'ಮುಖಪುಟ ಆಕರ್ಷಕವಾಗಿದೆ', 'ಅಕ್ಷರದೋಷಗಳನ್ನು ತಪ್ಪಿಸಬಹುದಿತ್ತು' ಎಂಬ ಮೂರು ವಾಕ್ಯಗಳು ನನ್ನ ಕೈಗೆ ಈಗ ನನ್ನ ಅನುಮತಿಯಿಲ್ಲದೆಯೇ ಬರುತ್ತವೆ.

ಶನಿವಾರ ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮೇಷ್ಟ್ರು ಬಂದರು. ಗ್ರಂಥಾಲಯ ಇಲಾಖೆಯ ಆಯ್ಕೆಗೆ ಕಳಿಸಲು ಒಂದು ಪ್ರತಿ ಕಡಿಮೆ ಬಿದ್ದಿತ್ತಂತೆ, ಉಳಿದ ಕಟ್ಟು ಮಗನ ಕಾರಿನ ಡಿಕ್ಕಿಯಲ್ಲಿ ಬೆಂಗಳೂರಿಗೆ ಹೋಗಿತ್ತಂತೆ. ಮೇಜು ಖಾಲಿಯಾಗುವ ಯಾವ ಅವಕಾಶವನ್ನೂ ಬಿಡದ ನನ್ನ ಯಜಮಾನರು ಕೂಡಲೇ ಪುಸ್ತಕ ತೆಗೆದುಕೊಟ್ಟಿದ್ದಾರೆ. ಸಂಜೆ ಸುದ್ದಿ ಕೇಳಿ ನಾನು ಉಸ್ಸಪ್ಪಾ ಎನ್ನುವಷ್ಟರಲ್ಲಿ ಹುಡುಗಿ ಪೆನ್ಸಿಲ್ ಕಚ್ಚುತ್ತಾ, "ಅಯ್ಯೋ, ನಾನು ಅದರಲ್ಲಿ ಬರೆದಿದ್ದೆ" ಎಂದಳು.

ಏನು ಬರೆದಿದ್ದಳೆಂದು ಅವಳು ನೆನಪು ಮಾಡಿಕೊಂಡು ಒಪ್ಪಿಸುತ್ತಾ ಹೋದಂತೆ ನನ್ನ ಕಾಫಿ ಆರುತ್ತಾ ಹೋಯಿತು. ನಾಯಕನ ಮೊದಲ ಭಾಷಣದ ಪಕ್ಕದಲ್ಲಿ, 'ಇವನು ಹುಡುಗ ಅಲ್ಲ, ಹೆಡ್‌ಮಾಸ್ಟರ್.' ಎರಡನೆಯ ಭಾಷಣದ ಹೊತ್ತಿಗೆ ಚಿತ್ರದಲ್ಲಿದ್ದ ಅವನಿಗೆ ಮೀಸೆ, ಮೂರನೆಯದಕ್ಕೆ ಕನ್ನಡಕ. ಬೆಟ್ಟ ಹತ್ತುವ ಅಧ್ಯಾಯದಲ್ಲಿ, 'ನಾವು ಸ್ಕೂಲಿಂದ ಹೋಗಿದ್ವಿ, ಅರ್ಧಕ್ಕೇ ನೀರು ಖಾಲಿ. ಇವರಿಗೆ ಬಾಯಾರಿಕೆ ಆಗಲ್ವಾ?' ರಾತ್ರಿ ಗುಹೆಯಲ್ಲಿ ಮಲಗಿದಾಗ, 'ಇವರ ಅಮ್ಮಂದಿರು ಎಲ್ಲಿ?' 64ನೆಯ ಪುಟದಲ್ಲಿ ಒಂದು ಬಾಣದ ಗುರುತು ಮತ್ತು 'ಇಲ್ಲಿಂದ ನಾಯಿ ಬರೋವರೆಗೂ ಬಿಡಬಹುದು.' ಕೊನೆಯ ಪುಟದಲ್ಲಿ, ಅವಳ ಶಾಲೆಯ ಪದ್ಧತಿಯಂತೆ ಸುತ್ತು ಹಾಕಿ, 'ಹತ್ತಕ್ಕೆ ಮೂರು. ನಾಯಿಗೆ ಎರಡು, ಬೆಟ್ಟಕ್ಕೆ ಒಂದು.'

ಗದರಬೇಕೆಂದಿದ್ದವಳಿಗೆ ತಿಪಟೂರಿನ ಅಜ್ಜಿಮನೆಯ ಅಟ್ಟದ ನೆನಪಾಯಿತು. 1949ರಲ್ಲಿ ಕನ್ನಡಕ್ಕೆ ಬಂದು ಈಗ ನಿಂತೇಹೋಗಿರುವ 'ಚಂದಮಾಮ'ದ ಹಳೆಯ ಸಂಚಿಕೆಗಳನ್ನು ಅಲ್ಲಿ ಕೊಬ್ಬರಿಯ ವಾಸನೆಯ ನಡುವೆ ಬೋರಲು ಮಲಗಿ ಓದುತ್ತಿದ್ದಾಗ, ಏನು ಕಲಿತೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಬೇತಾಳ ಕೂಡ ಪ್ರಶ್ನೆ ಕೇಳುತ್ತಿದ್ದುದು ರಾಜನನ್ನು, ನನ್ನನ್ನಲ್ಲ. ಸರಿಯುತ್ತರ ಬಂದರೆ ಅದು ನೀತಿ ಹೇಳುತ್ತಾ ಕೂರದೆ ಮರಕ್ಕೆ ಹಾರುತ್ತಿತ್ತು. ನಾನು ಕೊನೆಯ ಬಾರಿ ಒಂದು ಮಕ್ಕಳ ಪುಸ್ತಕವನ್ನು ಬೋರಲು ಮಲಗಿ ಓದಿದ್ದು ಯಾವಾಗಲೋ.

ಭಾನುವಾರ ನನ್ನ ವಿಮರ್ಶೆ ಅಚ್ಚಾಯಿತು. ಸೋಮವಾರ ಉದ್ಯಾನದಲ್ಲಿ ನಾನು ಜಾಣತನದಿಂದ ಬಲಕ್ಕೆ ಸುತ್ತಿದೆ. ಮೇಷ್ಟ್ರು ಅಂದೇ ಎಡಕ್ಕೆ ಸುತ್ತಿದ್ದರು. ಒಂದು ಕೈಯಲ್ಲಿ ಪುರವಣಿ, ಇನ್ನೊಂದರಲ್ಲಿ ಆ ಪುಸ್ತಕ. ಎರಡನ್ನೂ ಸಮಾಜ ಪಾಠದ ಉತ್ತರಪತ್ರಿಕೆಗಳಂತೆ ಅಕ್ಕಪಕ್ಕ ಹಿಡಿದು ಅವರು ಕೇಳಿದ್ದು ಇಷ್ಟೇ: "ಇಬ್ಬರಲ್ಲಿ ಓದಿದ್ದು ಯಾರಮ್ಮಾ?"

ನಾನು ಕೆರೆಯ ಕಡೆ ನೋಡಿದೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು, ಜರ್ಕಿನ್ ಒಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ದಪ್ಪನೆಯ ಹಸ್ತಪ್ರತಿಯೊಂದನ್ನು ತೆಗೆದರು. ಎರಡನೆಯ ಭಾಗವಂತೆ. "ಇದನ್ನ ನೀನು ಓದಬೇಡ, ಮಗುಗೆ ಕೊಡು. ನಾಯಿಯನ್ನ ಮೊದಲನೇ ಪುಟಕ್ಕೇ ತಂದಿದೀನಿ ಅಂತ ಹೇಳು."

ಹುಡುಗಿ ರಜೆ ಮುಗಿಸಿಕೊಂಡು ಊರಿಗೆ ಹೋಗಿ ವಾರವಾಯಿತು, ಹಸ್ತಪ್ರತಿ ಊಟದ ಮೇಜಿನ ಮೇಲಿದೆ. ಇವತ್ತು ಬೆಳಿಗ್ಗೆಯೂ ಒಂದು ಸುತ್ತಿಗೆ ಎರಡು ಬಾರಿ ಕೇಳಿದರು: "ಏನಮ್ಮಾ, ಓದಿದ್ಳಾ?"