ಮೇಜಿನಿಂದ ಕಪಾಟಿಗೆ ಎಷ್ಟು ಹೆಜ್ಜೆ?

ಬೇಸಿಗೆ ರಜೆ ಬಂತೆಂದರೆ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳ ಕಾರ್ಯಕ್ರಮಗಳು ಶುರುವಾಗುತ್ತವೆ. ಚಿತ್ರ ಬಿಡಿಸುವುದು, ಕಾಗದ ಮಡಚುವುದು, ಮುಖವಾಡ, ಗೊಂಬೆ, ಹಾಡು. ಮಕ್ಕಳು ಖುಷಿಯಾಗಿಯೇ ಇರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ನಿಂತು ಒಂದು ವಿಷಯ ನೋಡಿ: ಮನೆಗೆ ಹೊರಟ ಮಕ್ಕಳಲ್ಲಿ ಎಷ್ಟು ಜನರ ಕೈಯಲ್ಲಿ ಪುಸ್ತಕವಿದೆ? ಬರೀ ಮುಖವಾಡ ಇದ್ದರೆ ಅದನ್ನು ಯಾವ ಸಭಾಂಗಣದಲ್ಲಾದರೂ ಮಾಡಿಸಬಹುದಿತ್ತು, ಗ್ರಂಥಾಲಯವೇ ಬೇಕಿರಲಿಲ್ಲ.

ಚಟುವಟಿಕೆ ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕೇ ಬೇಕು. ಓದು ಇನ್ನೂ ಕಷ್ಟವೆನಿಸುವ ಮಗುವನ್ನು ಒಳಗೆ ಕರೆತರುವುದು ಅದೇ. ನನ್ನ ಹಟ ಇಷ್ಟೇ, ಪ್ರತಿ ಚಟುವಟಿಕೆಯೂ ಕೊನೆಗೆ ಕಪಾಟಿನ ಮುಂದೆ ಹೋಗಿ ನಿಲ್ಲಬೇಕು. ಅದನ್ನು ಯೋಜನೆಯ ಹಂತದಲ್ಲೇ ಕೂರಿಸದಿದ್ದರೆ ತಾನಾಗಿ ಆಗುವುದಿಲ್ಲ.

ರಜೆಯಲ್ಲಿ ಮಕ್ಕಳ ಓದು ಹಿಂದೆ ಬೀಳುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇಯ್ನ್ಸ್ ಅಟ್ಲಾಂಟಾದ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 1978ರಲ್ಲೇ ಪ್ರಕಟವಾಯಿತು. ಹಿಂದೆ ಬೀಳುವ ಪ್ರಮಾಣ ಎಷ್ಟು ಎಂಬುದರ ಬಗ್ಗೆ ಇಂದಿಗೂ ವಾದವಿದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಓದಿನ ಕಲಿಕೆಯ ಸಂಶೋಧಕರಾದ ರಿಚರ್ಡ್ ಅಲಿಂಗ್ಟನ್ ಮತ್ತು ಆ್ಯನ್ ಮೆಕ್‌ಗಿಲ್ ಫ್ರಾನ್ಜೆನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಬಡ ಕುಟುಂಬಗಳ ಮಕ್ಕಳಿಗೆ ಮೂರು ಬೇಸಿಗೆ, ಪ್ರತಿ ಬೇಸಿಗೆಗೂ 12ರಂತೆ ಪುಸ್ತಕ ಕೊಟ್ಟರು. ಆರಿಸಿಕೊಂಡವರು ಮಕ್ಕಳೇ. ಪುಸ್ತಕ ಸಿಗದ ಮಕ್ಕಳಿಗೆ ಹೋಲಿಸಿದರೆ ಇವರ ಓದಿನ ಪರೀಕ್ಷೆಯ ಅಂಕ ಮೇಲಿತ್ತು. ಕೈಗೆ ಪುಸ್ತಕ, ಆಯ್ಕೆ ಮಗುವಿನದು. ಈ ಎರಡನ್ನೂ ದುಡ್ಡಿಲ್ಲದೆ ಕೊಡಬಲ್ಲ ಜಾಗ ಗ್ರಂಥಾಲಯ.

ಒಂದು ಗಂಟೆಯನ್ನು ಹೀಗೆ ಹಂಚಿ: ಮೊದಲ 15 ನಿಮಿಷ ಗಟ್ಟಿಯಾಗಿ ಕತೆ ಓದುವುದು, ನಂತರ 25 ನಿಮಿಷ ಕೈಕೆಲಸ ಅಥವಾ ಆಟ, ಕೊನೆಯ 20 ನಿಮಿಷ ಕಪಾಟು ಮತ್ತು ಎರವಲು. ಸಾಮಾನ್ಯವಾಗಿ ಕತ್ತರಿ ಬೀಳುವುದು ಕೊನೆಯ ಭಾಗಕ್ಕೇ. ಕೈಕೆಲಸ ಎಳೆಯುತ್ತದೆ, ಅಂಟು ಒಣಗುವುದಿಲ್ಲ, ಅಷ್ಟರಲ್ಲಿ ಅಪ್ಪ ಅಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ 40ನೇ ನಿಮಿಷಕ್ಕೆ, ಕೆಲಸ ಅರ್ಧವಾಗಿದ್ದರೂ, ಎಲ್ಲರೂ ಮೇಜಿನಿಂದ ಏಳಬೇಕು. ಪುಸ್ತಕ ಆರಿಸಿದ ಮೇಲೆ ಬೇಕಾದವರು ಬಂದು ಮುಗಿಸಲಿ. ಇಡೀ ಕಾರ್ಯಕ್ರಮದಲ್ಲಿ ಒಂದೇ ಒಂದು ನಿಯಮ ಬಿಗಿಯಾಗಿರಬೇಕಾದರೆ ಅದು ಇದೇ.

3ರಿಂದ 5 ವರ್ಷದವರಿಗೆ ಒಂದು ಗಂಟೆ ಹೆಚ್ಚಾಯಿತು, ಅರ್ಧ ಗಂಟೆ ಸಾಕು. ಹತ್ತು ಹನ್ನೆರಡು ಮಕ್ಕಳು, ಜೊತೆಗೆ ಮನೆಯ ದೊಡ್ಡವರು. 6ರಿಂದ 8ರವರು 15 ಜನ, 9ರ ಮೇಲಿನವರು 20 ಜನ. ಇದಕ್ಕಿಂತ ಹೆಚ್ಚಾದರೆ ಒಬ್ಬರು ಸಂಭಾಳಿಸುವುದು ಕಷ್ಟ, ಎರಡು ತಂಡ ಮಾಡಿ. ತಂಡ ಎಷ್ಟೇ ಚಿಕ್ಕದಿರಲಿ, ಕೋಣೆಯಲ್ಲಿ ಇಬ್ಬರು ವಯಸ್ಕರಿರಬೇಕು.

ಗಟ್ಟಿ ಓದನ್ನು ಸಲೀಸು ಎಂದುಕೊಂಡು ತಯಾರಿಯಿಲ್ಲದೆ ಕೂರುವವರು ಬಹಳ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುತ್ತದೆ. ಮುದ್ರಣದ ದೊಡ್ಡ ಹಾಳೆಯನ್ನು ಮಡಚಿದಾಗ ಪುಟಗಳು ಎಂಟು, ಹದಿನಾರರ ಲೆಕ್ಕದಲ್ಲಿ ಬರುವುದರಿಂದ ಈ ಅಳತೆ. ಅದನ್ನು ಮಾತು ನಿಲ್ಲಿಸಿ, ಚಿತ್ರ ತೋರಿಸಿ, ಪ್ರಶ್ನೆ ಕೇಳಿ ಓದಿದರೆ ಹತ್ತು ನಿಮಿಷ ಹಿಡಿಯುತ್ತದೆ. ಹಿಂದಿನ ದಿನ ಎರಡು ಸಲ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ನಾಲಿಗೆ ತೊಡರುವ ವಾಕ್ಯ ಎಲ್ಲಿದೆ, ಚಿತ್ರ ಮುಂದಿನ ತಿರುವನ್ನು ಮೊದಲೇ ಬಿಟ್ಟುಕೊಡುವ ಪುಟ ಯಾವುದು ಎಂದು ಆಗಲೇ ಗೊತ್ತಾಗುವುದು. ಓದುವವರ ಬೆನ್ನಿಗೆ ಕಿಟಕಿ ಇರಬಾರದು. ಬೆಳಕು ಮಕ್ಕಳ ಕಣ್ಣಿಗೆ ಹೊಡೆದು ಪುಟ ಕಪ್ಪಾಗಿ ಕಾಣುತ್ತದೆ, ಹಿಂದಿನ ಸಾಲಿನವರು ಮೊದಲು ಚಡಪಡಿಸುತ್ತಾರೆ, ನಾವು ಅವರನ್ನೇ ತುಂಟರು ಅನ್ನುತ್ತೇವೆ. ಕಿಟಕಿ ಮಕ್ಕಳ ಬೆನ್ನಿಗಿರಲಿ. ಪುಸ್ತಕವನ್ನು ಎದೆಯ ಮುಂದೆ ಹಿಡಿದರೆ ಓದಲು ನಾವೇ ಬಗ್ಗಬೇಕು. ಭುಜದ ಪಕ್ಕಕ್ಕೆ, ಕೆಳ ಅಂಚಿನಲ್ಲಿ ಹಿಡಿದರೆ ನಮಗೂ ಕಾಣುತ್ತದೆ, ಅವರಿಗೂ ಕಾಣುತ್ತದೆ.

ಪ್ರಶ್ನೆ ಕೇಳುವುದರಲ್ಲೂ ಹದವಿದೆ. "ಇದು ಏನು?" ಎಂದರೆ ಒಂದು ಪದದಲ್ಲಿ ಉತ್ತರ ಮುಗಿಯುತ್ತದೆ. "ಇವನು ಯಾಕೆ ಬಚ್ಚಿಟ್ಟುಕೊಂಡ?" ಎಂದರೆ ಮಗು ವಾಕ್ಯ ಕಟ್ಟುತ್ತದೆ. ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಂದೆ ತಾಯಂದಿರಿಗೆ ಕಲಿಸಿದ್ದು ಬಹುಪಾಲು ಇದನ್ನೇ: ಮುಕ್ತ ಪ್ರಶ್ನೆ ಕೇಳುವುದು, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ತಿರುಗಿ ಹೇಳುವುದು. ಮಕ್ಕಳ ಮಾತು ಬೆಳೆಯಿತು. ಹಾಗಂತ ಪುಟಕ್ಕೊಂದು ಪ್ರಶ್ನೆ ಕೇಳಿದರೆ ಕತೆಯ ಓಟ ಸಾಯುತ್ತದೆ. ಇಡೀ ಪುಸ್ತಕಕ್ಕೆ ನಾಲ್ಕೈದು ಸಾಕು.

ಈಗ ಬಹುಮಾನದ ವಿಷಯ. "ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಬಹುಮಾನ" ಎಂಬ ಫಲಕ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಣಿಕೆ ಶುರುವಾದ ದಿನವೇ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಆರು ವಾರ ಕಷ್ಟಪಟ್ಟು ಒಂದೇ ದಪ್ಪ ಕಾದಂಬರಿ ಮುಗಿಸಿದ ಮಗು ಕೊನೆಯ ಸ್ಥಾನದಲ್ಲಿರುತ್ತದೆ. ನಿಧಾನವಾಗಿ ಓದುವ ಮಗು ಎರಡನೇ ವಾರಕ್ಕೆ ಬರುವುದನ್ನೇ ಬಿಡುತ್ತದೆ, ಈ ಕಾರ್ಯಕ್ರಮ ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅದೇ ಮಗು. 1973ರಲ್ಲಿ ಮನಃಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗ ನೆನಪಿಡಬೇಕಾದದ್ದು. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ "ಬಿಡಿಸಿದರೆ ಬಹುಮಾನ" ಎಂದು ಮುಂಚೆಯೇ ಹೇಳಿ ಕೊಟ್ಟರು, ಇನ್ನೊಂದಕ್ಕೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಕೊಡಲೇ ಇಲ್ಲ. ಆಮೇಲೆ ಬಹುಮಾನವಿಲ್ಲದ ದಿನಗಳಲ್ಲಿ ಗಮನಿಸಿದರೆ, ಮುಂಚೆಯೇ ಆಸೆ ಹುಟ್ಟಿಸಿದ ಗುಂಪಿನವರು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಓದಿನ ವಿಷಯದಲ್ಲಿ ಈ ಅಪಾಯಕ್ಕೆ ನಾವು ಯಾಕೆ ಕೈಹಾಕಬೇಕು?

ಪುಸ್ತಕದ ಬದಲು ಓದಿದ ಹೊತ್ತನ್ನು ಲೆಕ್ಕ ಹಾಕಿ. ಒಂದು ಕಾರ್ಡಿನಲ್ಲಿ 30 ಮನೆ, ಒಂದೊಂದು ಮನೆ 20 ನಿಮಿಷ. ಎಲ್ಲ ತುಂಬಿದರೆ ಹತ್ತು ಗಂಟೆಯ ಓದು. ಕಾಮಿಕ್ಸ್ ಓದಿದರೂ ಬಣ್ಣ ತುಂಬಲಿ, ಅಜ್ಜಿ ಓದಿದ್ದನ್ನು ಕೇಳಿಸಿಕೊಂಡರೂ ತುಂಬಲಿ, ಅದೇ ಪುಸ್ತಕ ನಾಲ್ಕನೇ ಸಲ ಓದಿದರೂ ತುಂಬಲಿ. ಮತ್ತೆ ಮತ್ತೆ ಓದುವುದರಿಂದಲೇ ಚಿಕ್ಕ ಮಕ್ಕಳ ಓದು ಸರಾಗವಾಗುವುದು. ಕಾರ್ಡ್ ತುಂಬಿದವರಿಗೆಲ್ಲ ಒಂದೇ ಬಗೆಯ ಕೊಡುಗೆ, ಆದಷ್ಟೂ ಮಗು ತಾನೇ ಆರಿಸಿ ಇಟ್ಟುಕೊಳ್ಳುವ ಒಂದು ಪುಸ್ತಕ. ಮೊದಲನೆಯವರು, ಎರಡನೆಯವರು ಎಂಬುದು ಬೇಡ. ಬ್ರಿಟನ್ನಿನ ಗ್ರಂಥಾಲಯಗಳಲ್ಲಿ 1999ರಿಂದ ನಡೆಯುತ್ತಿರುವ ಬೇಸಿಗೆ ಓದಿನ ಸವಾಲಿನಲ್ಲಿ ಬಹುಕಾಲ ಇದ್ದ ಗುರಿ ಇಡೀ ರಜೆಗೆ ಆರು ಪುಸ್ತಕ, ಅಷ್ಟೇ. ಮುಟ್ಟಬಹುದಾದ ಗುರಿ ಎಂದರೆ ಹಾಗಿರಬೇಕು.

ಕಪಾಟಿಗೆ ನೇರ ಕರೆದೊಯ್ಯುವ ಆಟಗಳಲ್ಲಿ ನನ್ನ ಮೊದಲ ಆಯ್ಕೆ ಸಂಖ್ಯೆಯ ಬೇಟೆ. ಡ್ಯೂಯಿ ದಶಮಾಂಶ ವರ್ಗೀಕರಣ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ, ಬಳಸುವ ಯಾವ ಗ್ರಂಥಾಲಯದಲ್ಲಾದರೂ ಆಡಿಸಬಹುದು. 520 ಖಗೋಳ, 567.9 ಡೈನೊಸಾರ್, 598 ಹಕ್ಕಿಗಳು, 641.5 ಅಡುಗೆ, 796 ಕ್ರೀಡೆ, 398.2 ಜನಪದ ಕತೆ. "ರೆಕ್ಕೆಯಿರುವವರ ಮನೆ ಯಾವ ಸಂಖ್ಯೆ?" ಎಂಬಂಥ ಹನ್ನೆರಡು ಸುಳಿವುಗಳ ಚೀಟಿ ಮಾಡಿ. ಇಲ್ಲಿ ಮೂರು ತಪ್ಪು ಖಂಡಿತ ಆಗುತ್ತವೆ. ಎಲ್ಲರಿಗೂ ಒಂದೇ ಕ್ರಮದ ಚೀಟಿ ಕೊಟ್ಟರೆ ಇಪ್ಪತ್ತು ಮಕ್ಕಳೂ ಒಂದೇ ಕಪಾಟಿಗೆ ಮುಗಿಬೀಳುತ್ತಾರೆ, ಆದ್ದರಿಂದ ಪ್ರತಿ ಜೋಡಿಗೂ ಶುರುವಿನ ಸುಳಿವು ಬೇರೆ ಇರಲಿ. ತೆಗೆದ ಪುಸ್ತಕವನ್ನು ಮಕ್ಕಳು ಎಲ್ಲೋ ತುರುಕುತ್ತಾರೆ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಹಾಗೆಯೇ, ಅದಕ್ಕೆ "ತೆಗೆದದ್ದು ಮೇಜಿನ ಮೇಲೆ ಮಾತ್ರ" ಎಂದು ಮೊದಲೇ ಹೇಳಿ, ವಾಪಸ್ ಇಡುವ ಕೆಲಸ ಸಿಬ್ಬಂದಿಗಿರಲಿ.

ಮೂರನೆಯದು ದಶಮಾಂಶದ್ದು, ಇದು ಸ್ವಾರಸ್ಯವಾದದ್ದು. 598.12 ಮತ್ತು 598.9 ಕೊಟ್ಟು ಯಾವುದು ಮೊದಲು ಎಂದು ಕೇಳಿದರೆ ಬಹಳ ಮಕ್ಕಳು 598.9 ಅನ್ನುತ್ತಾರೆ, 12 ದೊಡ್ಡದು, 9 ಚಿಕ್ಕದು ಎಂಬ ಲೆಕ್ಕದಲ್ಲಿ. ಬಿಂದುವಿನ ನಂತರ ಒಂದೊಂದೇ ಅಂಕಿ ಹೋಲಿಸಬೇಕು, 1 ಮೊದಲು, 9 ಆಮೇಲೆ. ದಶಮಾಂಶ ಕಲಿಯದ ಮಕ್ಕಳಿಗೆ ಬರೀ ಮೂರಂಕಿಯ ಸಂಖ್ಯೆ ಕೊಡಿ. ಕಲಿತವರಿಗೆ ಇದನ್ನೇ ಒಂದು ಆಟ ಮಾಡಿ: ಹತ್ತು ರಟ್ಟಿನ ಚೀಟಿಗಳಲ್ಲಿ ಸಂಖ್ಯೆ ಬರೆದು ಕೊಟ್ಟು, ಮಕ್ಕಳನ್ನೇ ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿ. ಶಾಲೆಯ ಗಣಿತಕ್ಕೂ ಉಪಕಾರ, ಮುಂದೆ ಬೇಕಾದ ಪುಸ್ತಕವನ್ನು ಯಾರನ್ನೂ ಕೇಳದೆ ಹುಡುಕುವ ಧೈರ್ಯವೂ ಬರುತ್ತದೆ.

ನನ್ನ ಎರಡನೆಯ ಆಯ್ಕೆ ಒಂದೇ ಹಾಳೆಯ ಪುಸ್ತಕ. ಎ4 ಹಾಳೆಯ ಉದ್ದ ಅಂಚುಗಳು ಸೇರುವಂತೆ ಮಡಚಿ ಬಿಚ್ಚಿ. ಗಿಡ್ಡ ಅಂಚುಗಳು ಸೇರುವಂತೆ ಮಡಚಿ, ಅದೇ ದಿಕ್ಕಿಗೆ ಇನ್ನೊಮ್ಮೆ ಮಡಚಿ, ಪೂರ್ತಿ ಬಿಚ್ಚಿ. ಎಂಟು ಮನೆ ಕಾಣುತ್ತವೆ. ಈಗ ಗಿಡ್ಡ ಅಂಚುಗಳು ಸೇರುವಂತೆ ಒಮ್ಮೆ ಮಾತ್ರ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ, ಮುಂದಿನ ಗೆರೆ ಸಿಕ್ಕಲ್ಲಿ ನಿಲ್ಲಿಸಿ. ಬಿಚ್ಚಿದರೆ ಹಾಳೆಯ ನಡುವೆ ಎರಡು ಮನೆ ಉದ್ದದ ಸೀಳು. ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ, ಸೀಳು ಬಾಯ್ತೆರೆದು ಕೂಡುವ ಚಿಹ್ನೆಯ ಹಾಗೆ ನಿಲ್ಲುತ್ತದೆ. ಒಂದು ಕಡೆಗೆ ಸುತ್ತಿ ಒತ್ತಿದರೆ ಎಂಟು ಪುಟದ ಪುಸ್ತಕ. ಅಂಟು ಬೇಡ, ದಾರ ಬೇಡ. ಬಿಚ್ಚುವ ಅಂಚಿನ ಕಡೆಯಿಂದ ಕತ್ತರಿಸಿದರೆ ಹಾಳೆ ಕೆಡುತ್ತದೆ, ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಮಡಿಕೆಯ ಮೇಲೆ ಪೆನ್ಸಿಲಿನ ಗೆರೆ ಎಳೆಸಿ. ಪೂರ್ತಿ ಮಡಚಿದ ಮೇಲೆಯೇ ಬರೆಯಬೇಕು, ಮೊದಲೇ ಬರೆದರೆ ನಾಲ್ಕು ಪುಟ ತಲೆಕೆಳಗಾಗುತ್ತವೆ. ಮಗುವೊಂದಕ್ಕೆ ಎರಡು ಹಾಳೆ ಲೆಕ್ಕವಿಡಿ. ಮೊದಲನೆಯದು ಕೆಡಲು.

ಬರೆದಾದ ಮೇಲೆ ಆ ಪುಸ್ತಕಕ್ಕೆ ಸಂಖ್ಯೆ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಿ, ಒಂದು ಬುಟ್ಟಿಯಲ್ಲಿಟ್ಟು, ಬೇರೆ ಮಕ್ಕಳು ಎರವಲು ಒಯ್ಯುವಂತೆ ಮಾಡಿ. ತಾನು ಬರೆದದ್ದು ಗ್ರಂಥಾಲಯದಲ್ಲಿದೆ ಎಂಬ ಕಾರಣಕ್ಕೆ ಮಗು ಮುಂದಿನ ವಾರ ಬಂದೇ ಬರುತ್ತದೆ.

ಕೊನೆಯ 20 ನಿಮಿಷದಲ್ಲಿ ಎಡವಟ್ಟಾಗುವುದು ಎರಡು ಕಡೆ. ಒಂದು, ಪುಸ್ತಕ ಸಾಲುವುದಿಲ್ಲ. 20 ಮಕ್ಕಳಿಗೆ 20 ಪುಸ್ತಕ ಇಟ್ಟರೆ ಕೊನೆಗೆ ಬಂದ ಮಗುವಿಗೆ ಉಳಿದದ್ದೇ ಗತಿ. ತಲೆಗೆ ಮೂರರಂತೆ 60 ಪುಸ್ತಕ ತೆಗೆದಿಡಿ, ಅಂದಿನ ಚಟುವಟಿಕೆಯ ವಿಷಯದ ಮೇಲೆ ಸುಲಭದ್ದು, ನಡುವಿನದ್ದು, ಕಷ್ಟದ್ದು ಎಲ್ಲ ಬೆರೆತಿರಲಿ. ಬೆನ್ನು ಕಾಣುವಂತೆ ಜೋಡಿಸಬೇಡಿ, ಮುಖಪುಟ ಕಾಣಬೇಕು, ಅದೂ ಚಿಕ್ಕ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ. ಎರಡು, ಎರವಲಿನ ಸಾಲು. ಒಂದು ಮಗುವಿಗೆ ಎರಡು ನಿಮಿಷ ಎಂದರೂ ಇಪ್ಪತ್ತು ಮಕ್ಕಳಿಗೆ 40 ನಿಮಿಷ. ಸದಸ್ಯತ್ವದ ಅರ್ಜಿಯನ್ನು ಕಾರ್ಯಕ್ರಮದ ಹೆಸರು ನೋಂದಣಿಯ ಜೊತೆಗೇ ತುಂಬಿಸಿಕೊಂಡು, ಕಾರ್ಡ್ ಮೊದಲ ದಿನವೇ ಸಿದ್ಧವಿಡಿ. ಎರವಲಿಗೆ ಇಬ್ಬರು ಕೂರಲಿ. "ಓದುಗನ ಸಮಯ ಉಳಿಸಿ" ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಕೊಟ್ಟರು. ಏಳು ವರ್ಷದ ಓದುಗನಿಗೆ ತಾಳ್ಮೆ ಇನ್ನೂ ಕಡಿಮೆ.

ಪುಸ್ತಕ ಕಷ್ಟವೋ ಅಲ್ಲವೋ ಎಂದು ನೋಡಲು ಐದು ಬೆರಳಿನ ಉಪಾಯವಿದೆ: ಒಂದು ಪುಟ ಓದಿಸಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು, ಐದೂ ಮಡಚಿದರೆ ಒಬ್ಬರೇ ಓದಲು ಕಷ್ಟ. ಇದು ಸಲಹೆ ಮಾತ್ರ. ಡೈನೊಸಾರ್ ಹುಚ್ಚು ಹಿಡಿದ ಮಗು ತನ್ನ ಮಟ್ಟಕ್ಕಿಂತ ಮೇಲಿನ ಪುಸ್ತಕ ಬೇಕೆಂದರೆ ದಯವಿಟ್ಟು ಕೊಡಿ. ಚಿತ್ರ ನೋಡುತ್ತದೆ, ಹೆಸರು ಹುಡುಕುತ್ತದೆ, ಯಾರಿಂದಲೋ ಓದಿಸಿಕೊಳ್ಳುತ್ತದೆ. ಜೊತೆಗೆ ಸುಲಭದ್ದೊಂದನ್ನೂ ಕೊಟ್ಟು ಕಳಿಸಿ.

ದಂಡದ ಹೆದರಿಕೆಯಿಂದ ಪುಸ್ತಕ ಒಯ್ಯಲು ಬಿಡದ ಪೋಷಕರಿದ್ದಾರೆ. ಸಾಧ್ಯವಾದರೆ ರಜೆಯ ಮಟ್ಟಿಗೆ ಮಕ್ಕಳ ಪುಸ್ತಕಕ್ಕೆ ದಂಡ ಬೇಡ. ಒಂದಷ್ಟು ಹಾಳೆ ಹರಿಯುತ್ತವೆ, ಹರಿಯಲಿ. ಹರಿದದ್ದನ್ನು ಮನೆಯಲ್ಲಿ ಅಂಟಿಸಬೇಡಿ, ಹಾಗೇ ತನ್ನಿ ಎಂದು ಮಾತ್ರ ಹೇಳಿ. ಮಾಮೂಲಿ ಪಾರದರ್ಶಕ ಟೇಪು ಕೆಲವು ವರ್ಷಕ್ಕೆ ಹಳದಿಯಾಗಿ, ಅಂಟು ಒಸರಿ, ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ.

ದಿನವೂ ನಡೆಸಿ ಎರಡೇ ವಾರಕ್ಕೆ ಮುಗಿಸುವುದಕ್ಕಿಂತ ವಾರಕ್ಕೆ ಎರಡು ದಿನ, ಅವೇ ದಿನಗಳು, ಅದೇ ಗಂಟೆ, ಆರು ವಾರ ನಡೆಸುವುದು ಮೇಲು. ನಡುವೆ ಓದಲು ಬಿಡುವು ಸಿಗುತ್ತದೆ, ಪುಸ್ತಕ ಬದಲಿಸಲು ಕಾರಣವೂ ಸಿಗುತ್ತದೆ. ಆ ಗಂಟೆ ಗದ್ದಲ ಇರುತ್ತದೆ ಎಂದು ದೊಡ್ಡ ಓದುಗರಿಗೆ ಮೊದಲೇ ಫಲಕ ಹಾಕಿ ತಿಳಿಸಿ. ಹದಿಮೂರು ದಾಟಿದವರನ್ನು "ಮಕ್ಕಳು" ಎಂಬ ಪಟ್ಟಿಯಲ್ಲಿ ಕೂರಿಸಿದರೆ ಬರುವುದಿಲ್ಲ. ಚಿಕ್ಕವರಿಗೆ ಹತ್ತು ನಿಮಿಷ ಓದಿ ಹೇಳುವ ಜವಾಬ್ದಾರಿ ಕೊಟ್ಟು ನೋಡಿ, ಓದಲು ಹಿಂಜರಿಯುವವರೂ ಚಿಕ್ಕ ಪುಸ್ತಕವನ್ನು ಸಂಕೋಚವಿಲ್ಲದೆ ಗಟ್ಟಿಯಾಗಿ ಓದುತ್ತಾರೆ.

ವರದಿ ಬರೆಯುವಾಗ ಉದ್ಘಾಟನೆಯ ದಿನದ ತಲೆ ಎಣಿಕೆ ಬಿಡಿ. ಮೂರು ಸಂಖ್ಯೆ ಬರೆದಿಡಿ: ಪ್ರತಿ ದಿನದ ಕಾರ್ಯಕ್ರಮದ ನಂತರ ಎಷ್ಟು ಮಕ್ಕಳು ಪುಸ್ತಕ ಒಯ್ದರು, ಮೊದಲ ವಾರ ಬಂದವರಲ್ಲಿ ನಾಲ್ಕನೇ ವಾರವೂ ಎಷ್ಟು ಜನ ಬಂದರು, ಶಾಲೆ ಶುರುವಾಗಿ ಒಂದು ತಿಂಗಳಾದ ಮೇಲೆ ಅವರಲ್ಲಿ ಎಷ್ಟು ಜನರ ಕಾರ್ಡಿನಲ್ಲಿ ಹೊಸ ಎರವಲಿದೆ. ಮೂರನೆಯದು ಸೊನ್ನೆಗೆ ಹತ್ತಿರ ಬಂದರೆ ಮುಂದಿನ ಬೇಸಿಗೆಗೆ ಕಾಯಬೇಡಿ. ಶಾಲೆ ಬಿಡುವ ಹೊತ್ತಿಗೆ ವಾರಕ್ಕೊಂದು ದಿನ ಅದೇ ಕೋಣೆ, ಅದೇ ಚಾಪೆ, ಅರ್ಧ ಗಂಟೆಯ ಗಟ್ಟಿ ಓದು ಶುರುಮಾಡಿ. ಮಕ್ಕಳು ಬರೆದ ಪುಸ್ತಕಗಳ ಬುಟ್ಟಿ ಬಾಗಿಲಿಗೆ ಹತ್ತಿರದಲ್ಲೇ ಇರಲಿ.