ಕಾಸಿಲ್ಲದವನ ಖಾತೆಪುಸ್ತಕ

ಮನೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆದು ನೋಡುವವರ ಪೈಕಿ ನಾನು. ಎಣಿಸಿ ಕೊಟ್ಟ ಚಿಲ್ಲರೆಯನ್ನು ಕೊಟ್ಟವರೆದುರೇ ಎಣಿಸಿ, ಬೀದಿಯ ತಿರುವಿನಲ್ಲಿ ಮತ್ತೊಮ್ಮೆ ಎಣಿಸುತ್ತೇನೆ. ಹೀಗಿರುವಾಗ ಬಿಟ್‌ಕಾಯಿನ್ ಮಂದಿಯ ಒಂದು ಮಾತು ಕಿವಿಗೆ ಬಿತ್ತು: ‘ನಂಬಬೇಡ, ಪರಿಶೀಲಿಸು.’ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಯಾರೋ ಬರೆದಂತಿತ್ತು.

ಪರಿಶೀಲಿಸಬೇಕೆಂದರೆ ಸ್ವಂತದ್ದೊಂದು ಫುಲ್ ನೋಡ್, ಎಂದರೆ ಬಿಟ್‌ಕಾಯಿನ್ನಿನ ಇಡೀ ಖಾತೆಪುಸ್ತಕವನ್ನು ತಾನೇ ತಾಳೆ ನೋಡುವ ಕಂಪ್ಯೂಟರ್, ಬೇಕು. ವಹಿವಾಟುಗಳನ್ನು ಬ್ಲಾಕ್ ಎಂಬ ಕಂತೆಗಳಾಗಿ ಕಟ್ಟಿ, ಸರಪಳಿಯಂತೆ ಒಂದಕ್ಕೊಂದು ಪೋಣಿಸಿದ ಪುಸ್ತಕ ಅದು. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಹಿಡಿದು ಈ ಹೊತ್ತಿನವರೆಗಿನ ಎಲ್ಲ ವಹಿವಾಟುಗಳನ್ನೂ ಇಳಿಸಿಕೊಳ್ಳಬೇಕು. ಒಂದೇ ನಾಣ್ಯವನ್ನು ಯಾರಾದರೂ ಎರಡು ಸಲ ಖರ್ಚು ಮಾಡಿದರೇ, ಬ್ಲಾಕ್ ಹುಟ್ಟಿಸಿದವನು ನಿಯಮ ಮೀರಿ ಜೇಬಿಗಿಳಿಸಿದನೇ ಎಂಬುದನ್ನು ನಮ್ಮದೇ ಯಂತ್ರ ನೋಡಬೇಕು. ಇದಕ್ಕೆ ಸಂಬಳವಿಲ್ಲ. ಹೊಸ ನಾಣ್ಯ ಸಿಗುವುದು ಗಣಿಗಾರಿಕೆ ಮಾಡುವವರಿಗೆ, ಅಂದರೆ ಬ್ಲಾಕ್ ಹುಟ್ಟಿಸುವವರಿಗೆ. ನೋಡ್ ಇಟ್ಟವನದು ಶಾನುಭೋಗಿಕೆ, ಅದೂ ಬಿಟ್ಟಿ.

ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ತಂತ್ರಾಂಶವೊಂದನ್ನು ಆರಿಸಿ ಹಾಕಿದರೆ ಮುಗಿಯಿತು, ಒಂದು ಸಂಜೆಯ ಕೆಲಸ ಎಂದುಕೊಂಡೆ. ಆರಿಸುವುದಕ್ಕೇ ಮೂರು ವಾರ ಹಿಡಿಯಿತು.

ಬಿಟ್‌ಕಾಯಿನ್ ಕೋರ್ ಎಂಬುದು ಸತೋಶಿ ನಕಮೊಟೊ ಎಂಬ ಹೆಸರಿನ ಹಿಂದೆ ಅಡಗಿದ್ದವರು ಬರೆದ ಮೂಲ ತಂತ್ರಾಂಶದ ನೇರ ವಂಶಸ್ಥ. ಹೆಚ್ಚಿನವರು ಬಳಸುವುದು ಅದನ್ನೇ. ಹೆಚ್ಚಿನವರು ಬಳಸುತ್ತಾರೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಗುಮಾನಿ. ಗೋ ಭಾಷೆಯಲ್ಲಿ ಬರೆದ ಬಿಟಿಸಿಡಿ ಇತ್ತು, ಜಾವಾಸ್ಕ್ರಿಪ್ಟಿನ ಬಿಕಾಯಿನ್ ಇತ್ತು, ತನ್ನದೇ ದಾರಿ ಹಿಡಿದ ಲಿಬ್‌ಬಿಟ್‌ಕಾಯಿನ್ ಇತ್ತು, ಕೋರ್‌ನಿಂದಲೇ ಕವಲೊಡೆದ ನಾಟ್ಸ್ ಇತ್ತು. ನಾಟ್ಸ್ ಎಂದರೆ ಗಂಟುಗಳು. ಕನ್ನಡದಲ್ಲಿ ಗಂಟೆಂದರೆ ಕೂಡಿಟ್ಟ ಹಣವೂ ಹೌದು, ಬಿಡಿಸಲಾಗದ ಸಿಕ್ಕೂ ಹೌದು. ನನ್ನ ಪಾಲಿಗೆ ಬಂದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಮಗಳ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದೆ. ಪ್ರತಿ ತಂತ್ರಾಂಶಕ್ಕೂ ಒಂದು ಸಾಲು, ಪ್ರತಿ ಗುಣಕ್ಕೂ ಅಂಕ. ಎರಡನೆಯ ವಾರ ಗೊತ್ತಾಯಿತು, ಈ ಕೋಷ್ಟಕಕ್ಕೆ ಅರ್ಥವೇ ಇಲ್ಲ. ಬೇರೆ ತಂತ್ರಾಂಶಗಳಾದರೆ ಪಕ್ಕದವನದಕ್ಕಿಂತ ನಮ್ಮದು ಚೆನ್ನಾಗಿರಲಿ ಎಂದು ಆರಿಸುತ್ತೇವೆ. ಇಲ್ಲಿ ಪಕ್ಕದವನಂತೆಯೇ ಇರಬೇಕು. ಯಾವ ಬ್ಲಾಕ್ ಸಿಂಧು, ಯಾವುದು ಅಸಿಂಧು ಎಂಬ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ ಆಗಬೇಕು. ತಪ್ಪು ಮಾಡುವುದಿದ್ದರೂ ಎಲ್ಲರೂ ಸೇರಿ ಅದೇ ತಪ್ಪನ್ನು ಮಾಡಬೇಕು. ಒಬ್ಬನೇ ಸರಿಯಾಗಿ ನಡೆದರೆ ಅವನು ಬೇರೊಂದು ಸರಪಳಿಯ ಮೇಲೆ ಒಂಟಿಯಾಗಿ ಉಳಿಯುತ್ತಾನೆ.

ಇದು ಬರೀ ತರ್ಕವಲ್ಲ. 2013ರ ಮಾರ್ಚ್‌ನಲ್ಲಿ ಒಂದೇ ತಂತ್ರಾಂಶದ ಎರಡು ಆವೃತ್ತಿಗಳೇ ಜಗಳವಾಡಿದ್ದವು. 0.8ನೆಯ ಆವೃತ್ತಿ ಒಳಗಿನ ಡೇಟಾಬೇಸನ್ನು ಬದಲಿಸಿತ್ತು. ಬಹಳ ವಹಿವಾಟುಗಳಿದ್ದ ಬ್ಲಾಕೊಂದನ್ನು ಅದು ಒಪ್ಪಿತು. ಹಳೆಯ ಡೇಟಾಬೇಸಿನ ಒಳಮಿತಿಯೊಂದಕ್ಕೆ ಸಿಕ್ಕಿದ 0.7 ಒಪ್ಪಲಿಲ್ಲ. ಸರಪಳಿ ಎರಡಾಗಿ, ಹಲವು ಗಂಟೆ ಗೊಂದಲವಾಗಿ, ಕೊನೆಗೆ ಹೊಸದನ್ನು ಹಾಕಿಕೊಂಡಿದ್ದ ಗಣಿಗಾರರೇ ಹಳೆಯದಕ್ಕೆ ಮರಳಿದರು. ಹೊಸದಕ್ಕೆ ಬದಲಾಯಿಸಿಕೊಂಡದ್ದೇ ತಪ್ಪಾದ ಈ ಕಥೆಯನ್ನು ಓದಿ ನನಗೆ ಎಂಥದೋ ತೃಪ್ತಿ.

ಇನ್ನೊಂದು ಕಥೆ 2022ರ ಅಕ್ಟೋಬರ್‌ನದು. ಯಾರೋ ಪುಣ್ಯಾತ್ಮ 999 ಕೀಲಿಗಳಲ್ಲಿ 998ರ ಸಹಿ ಬೇಡುವ ವಹಿವಾಟೊಂದನ್ನು ಜಾಲಕ್ಕೆ ಬಿಟ್ಟ. ಕೋರ್ ಅದನ್ನು ನುಂಗಿ ನೀರು ಕುಡಿಯಿತು. ಬಿಟಿಸಿಡಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ತಿದ್ದುಪಡಿ ಬರುವವರೆಗೂ ಆ ಬ್ಲಾಕ್ ದಾಟಲಾರದೆ ನಿಂತಿತು. ನಮ್ಮ ಕಚೇರಿಯಲ್ಲಿ ಒಂದು ಕುರ್ಚಿಯ ಕಾಲು ರಿಪೇರಿ ಮಾಡಿಸಲು ಮೂವರ ಸಹಿ ಬೇಕು, ಅದಕ್ಕೇ ಹದಿನೈದು ದಿನ ಹಿಡಿಯುತ್ತದೆ. 998 ಸಹಿ ಒಟ್ಟುಗೂಡಿಸಿದವನ ಮೇಲೆ ನನಗೆ ಇಂದಿಗೂ ಗೌರವ.

ನಡುವೆ ಬಿಟ್‌ಕಾಯಿನ್ನಿನಂಥದೇ ಇನ್ನೊಂದು ಜಾಲವಾದ ಎಥೀರಿಯಂ ಕಡೆಗೂ ಇಣುಕಿ ಬಂದೆ. 2022ರ ಸೆಪ್ಟೆಂಬರ್‌ನಿಂದ ಅಲ್ಲಿ ಒಂದು ನೋಡಿಗೆ ಎರಡು ತಂತ್ರಾಂಶ ಬೇಕು, ವಹಿವಾಟು ನಡೆಸಲು ಒಂದು, ಒಮ್ಮತಕ್ಕೆ ಇನ್ನೊಂದು. ಗೆತ್, ನೆದರ್‌ಮೈಂಡ್, ಬೇಸು ಎಂದು ಆ ಕಡೆ. ಪ್ರಿಸ್ಮ್, ಲೈಟ್‌ಹೌಸ್, ಟೆಕು ಎಂದು ಈ ಕಡೆ. ಜೋಡಿ ಕೂಡಿಸಬೇಕು. ಮೇಲಾಗಿ ಅಲ್ಲಿನ ಹಿರಿಯರ ಉಪದೇಶ ತಿರುಗುಮುರುಗು: ಕಡಿಮೆ ಜನ ಬಳಸುವುದನ್ನೇ ಆರಿಸಿ, ಎಲ್ಲರೂ ಒಂದೇ ದೋಣಿಯಲ್ಲಿ ಕುಳಿತರೆ ಅದು ಮುಳುಗಿದ ದಿನ ಎಲ್ಲರೂ ಮುಳುಗುತ್ತಾರೆ. ಒಂದನ್ನೇ ಆರಿಸಲಾಗದವನಿಗೆ ಜಾತಕ ಕೂಡಿಸುವ ಕೆಲಸ ಬೇರೆ ಬೇಕೇ? ಬಂದ ದಾರಿಯಲ್ಲೇ ಹಿಂದಿರುಗಿದೆ.

ಕೊನೆಗೆ ಉಳಿದದ್ದು ಕೋರ್ ಮತ್ತು ನಾಟ್ಸ್. 2025ರಲ್ಲಿ ಇವೆರಡರ ಬೆಂಬಲಿಗರಿಗೆ ಜೋರು ವಾಗ್ವಾದ. ವಹಿವಾಟಿನ ಜೊತೆಗೆ ಅಂಟಿಸಿ ಕಳಿಸಬಹುದಾದ ಬೇರೆ ಮಾಹಿತಿಗೆ ಮೊದಲು 83 ಬೈಟ್‌ಗಳ ಮಿತಿಯಿತ್ತು. ಕೋರ್ ತನ್ನ 30ನೆಯ ಆವೃತ್ತಿಯಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಿತು. ಖಾತೆಪುಸ್ತಕದಲ್ಲಿ ಕಂಡಕಂಡದ್ದನ್ನೆಲ್ಲ ಗೀಚಲು ಬಿಡಬಾರದು ಎಂದವರು ನಾಟ್ಸ್‌ಗೆ ಹೋದರು. ಎರಡೂ ಕಡೆಯ ವಾದ ಓದಿದೆ. ಓದಿದಾಗಲೆಲ್ಲ ಕೊನೆಯಲ್ಲಿ ಓದಿದವರೇ ಸರಿ ಅನ್ನಿಸಿತು.

ಹೆಂಡತಿ ನೋಟುಬುಕ್ ತಿರುವಿ ಹಾಕಿ ಕೇಳಿದಳು: “ಯಾವುದನ್ನು ಹಾಕಿದರೂ ಉತ್ತರ ಒಂದೇ ಬರಬೇಕು ಅನ್ನುತ್ತೀರಿ. ಹಾಗಿದ್ದ ಮೇಲೆ ಯಾವುದಾದರೇನು?”

ಅಂದು ರಾತ್ರಿಯೇ ಕೋರ್ ಇಳಿಸಿಕೊಂಡೆ.

ಇಳಿಸಿದ್ದು ಅಸಲಿಯೋ ನಕಲಿಯೋ? ಕಡತದ ಬೆರಳಚ್ಚು ಎನ್ನಬಹುದಾದ 64 ಅಕ್ಷರಗಳ ಹ್ಯಾಶನ್ನು ಪ್ರಕಟಿತ ಹ್ಯಾಶಿನೊಂದಿಗೆ ತಾಳೆ ನೋಡಬೇಕು. ಒಂದು ಆಜ್ಞೆ ಕೊಟ್ಟರೆ ಕಂಪ್ಯೂಟರೇ ಕಣ್ಣುಮುಚ್ಚಿ ತೆರೆಯುವುದರೊಳಗೆ ನೋಡುತ್ತದೆ. ಕಂಪ್ಯೂಟರಿನ ಕೆಲಸವನ್ನು ಕಂಪ್ಯೂಟರೇ ಸರಿ ಎಂದರೆ ಹೇಗೆ? ಮಗಳನ್ನು ಕರೆದು ಕೂರಿಸಿದೆ. ನಾನು ಒಂದೊಂದೇ ಅಕ್ಷರ ಓದಬೇಕು, ಅವಳು ಕಾಗದದ ಮೇಲೆ ಗುರುತು ಹಾಕಬೇಕು. “ಎಫ್, ಏಳು, ಮೂರು, ಸಿ...” ನಲವತ್ತನೆಯದಕ್ಕೆ ಅವಳು ಆಕಳಿಸಿದಳು. “ಅಪ್ಪಾ, ‘ಬಿ’ಯೋ ‘ಡಿ’ಯೋ?” ಮತ್ತೆ ಮೊದಲಿನಿಂದ.

ಅದಾದ ಮೇಲೆ ಡಿಜಿಟಲ್ ಸಹಿಯ ಪರೀಕ್ಷೆ. ಪರದೆಯ ಮೇಲೆ ಮೊದಲ ಸಾಲು ಬಂತು: ಸಹಿ ಸರಿಯಾಗಿದೆ. ನಿಟ್ಟುಸಿರು ಬಿಡುವುದರೊಳಗೆ ಕೆಳಗೇ ಇನ್ನೊಂದು: ಎಚ್ಚರಿಕೆ, ಈ ಸಹಿ ಅದರ ಒಡೆಯನದೇ ಎಂಬುದಕ್ಕೆ ಯಾವ ಸೂಚನೆಯೂ ಇಲ್ಲ. ನನ್ನನ್ನೂ ಮೀರಿಸುವ ಅನುಮಾನಪಿಶಾಚಿಯೊಂದು ಕಂಪ್ಯೂಟರಿನೊಳಗೇ ಇದ್ದದ್ದು ಗೊತ್ತಿರಲಿಲ್ಲ. ಕೀಲಿ ಯಾರದೆಂದು ತಿಳಿಯಲು ಇನ್ನೊಬ್ಬರ ಮಾತು ನಂಬಬೇಕು. ಅವರು ಯಾರೆಂದು ತಿಳಿಯಲು ಮತ್ತೊಬ್ಬರ ಮಾತು. ನಾಲ್ಕನೆಯವರ ಹೊತ್ತಿಗೆ ನಿದ್ದೆ ಬಂತು, ನಂಬಿದೆ.

ಇಡೀ ಸರಪಳಿ ಈಗ 600 ಜಿಬಿ ದಾಟಿದೆ. ನನ್ನ ಡಿಸ್ಕಿನಲ್ಲಿ ಅಷ್ಟು ಜಾಗವಿರಲಿಲ್ಲ. ಅದಕ್ಕೂ ಉಪಾಯವಿದೆ. ಪ್ರೂನ್ ಎಂಬ ಕಡೆ 550 ಎಂದು ಬರೆದರೆ ಎಲ್ಲವನ್ನೂ ಇಳಿಸಿ, ಪರೀಕ್ಷಿಸಿ, ಹಳೆಯ ಬ್ಲಾಕ್‌ಗಳನ್ನು ಅಳಿಸುತ್ತ ಸುಮಾರು 550 ಎಂಬಿಯಷ್ಟು ಬ್ಲಾಕ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿ ರಿಯಾಯಿತಿ ಇಲ್ಲವಾದ್ದರಿಂದ ಅದೂ ಫುಲ್ ನೋಡೇ. ಆದರೆ ಸೆಟ್ಟಿಂಗ್‌ಗಳ ಪಟ್ಟಿ ಓದುತ್ತಿದ್ದಾಗ ಅಸ್ಯೂಮ್‌ವ್ಯಾಲಿಡ್ ಎಂಬ ಸಾಲು ಕಣ್ಣಿಗೆ ಬಿತ್ತು. ಒಂದು ಗೊತ್ತಾದ ಬ್ಲಾಕಿಗಿಂತ ಹಿಂದಿನ ಸಹಿಗಳು ಸರಿಯೆಂದೇ ಭಾವಿಸಿ ಬೇಗ ಮುಂದೆ ಹೋಗುವ ವ್ಯವಸ್ಥೆ ಅದು. ಭಾವಿಸುವುದೇ! ನಂಬಬೇಡ ಎಂದವರ ಮನೆಯಲ್ಲೇ! ಸೊನ್ನೆ ಬರೆದು ಅದನ್ನು ನಿಲ್ಲಿಸಿದೆ.

ಮೊದಲ ದಿನ ಕುದುರೆ ಓಟ. ಆರಂಭದ ವರ್ಷಗಳ ಬ್ಲಾಕ್‌ಗಳಲ್ಲಿ ವಹಿವಾಟು ಅಷ್ಟಕ್ಕಷ್ಟೇ. 2010 ಹೋಯಿತು, 2011 ಹೋಯಿತು, ಸಂಜೆಗೆ 2013ರ ಕೊನೆಯ ಅಂಚು. ಐದು ವರ್ಷ ಮುಗಿಸಿದೆ ಎಂದು ಮನೆಯಲ್ಲಿ ಸಾರಿದೆ. ಪಕ್ಕದಲ್ಲಿ ಶೇಕಡಾ ಮೂರು ಎಂದಿತ್ತು. ಅದು ವರ್ಷ ಎಣಿಸುವುದಿಲ್ಲ, ವಹಿವಾಟು ಎಣಿಸುತ್ತದೆ. ಮುಂದಿನ ವಾರವೆಲ್ಲ ಡಿಸ್ಕು ಗೊರಗೊರ ಅನ್ನುತ್ತ 2017ರ ಏರನ್ನು ಏರುತ್ತಿತ್ತು.

ಆಗ ಒಂದು ಮದುವೆಗೆ ಹೊರಟೆವು. ಎಲ್ಲರೂ ಹೊರಗೆ ನಿಂತ ಮೇಲೆ ನಾನೊಬ್ಬನೇ ಒಳಗೆ ಹೋಗಿ ಪ್ರತಿ ಕೋಣೆಯ ಸ್ವಿಚ್ಚನ್ನೂ ಮುಟ್ಟಿ ಮುಟ್ಟಿ ಆರಿಸಿ ಬಂದೆ. ಎರಡು ಸುತ್ತು. ಅದು ನನ್ನ ಮೂವತ್ತು ವರ್ಷದ ವ್ರತ. ಸಂಜೆ ಬಂದು ನೋಡಿದರೆ ಡಬ್ಬಿ ತಣ್ಣಗೆ ಕುಳಿತಿತ್ತು. ಚಾಲೂ ಮಾಡಿದೆ. ಬ್ಲಾಕ್ ಡೇಟಾಬೇಸ್ ಕೆಟ್ಟಿದೆ, ಮತ್ತೆ ಕಟ್ಟಲೇ ಎಂದು ಕೇಳಿತು. ಹಳೆಯ ಬ್ಲಾಕ್‌ಗಳು ಡಿಸ್ಕಿನಲ್ಲಿದ್ದಿದ್ದರೆ ಅವುಗಳಿಂದಲೇ ಕಟ್ಟಬಹುದಿತ್ತು. ನಾನು ಅಳಿಸುತ್ತ ಬಂದವನು. ಮತ್ತೆ 2009ರಿಂದ ಇಳಿಸಬೇಕಾಯಿತು. ಆ ಸ್ವಿಚ್ಚಿನ ಮೇಲೆ ಮಗಳು ಕಾಗದ ಅಂಟಿಸಿದಳು: “ಅಪ್ಪ ಮುಟ್ಟಬಾರದು.”

ಎರಡನೆಯ ಸಲ ದಡ ಸೇರಿತು. ಸಂಭ್ರಮದಲ್ಲಿ ಮಗಳಿಗೆ ಮೊದಲ ಬ್ಲಾಕ್ ತೋರಿಸಲು ಕರೆದೆ. ಅದರಲ್ಲಿ ಸತೋಶಿ ಅಂದಿನ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹವೊಂದನ್ನು ಸೇರಿಸಿದ್ದಾನೆ, ಬ್ಯಾಂಕುಗಳನ್ನು ಎರಡನೆಯ ಸಲ ಉಳಿಸಲು ಹಣಕಾಸು ಸಚಿವರು ಮುಂದಾಗುತ್ತಿರುವ ಸುದ್ದಿ. ಸಂಖ್ಯೆ ಕೊಟ್ಟು ಕೇಳಿದೆ. ಬ್ಲಾಕ್ ಲಭ್ಯವಿಲ್ಲ, ಅಳಿಸಲಾಗಿದೆ ಎಂದಿತು. “ನೀವು ಪರೀಕ್ಷೆ ಮಾಡಿದ್ದನ್ನು ನೀವೇ ಎಸೆದಿರಾ?” ಎಂದು ಮಗಳು ಕೇಳಿದಳು. ಕೇಳಿದ ರೀತಿಯಲ್ಲಿ ಅವಳ ತಾಯಿಯಿದ್ದಳು.

ದೊಡ್ಡ ಎಸ್‌ಎಸ್‌ಡಿ ತಂದೆ. ಪ್ರೂನ್ ತೆಗೆದರೆ ಎಲ್ಲವನ್ನೂ ಮತ್ತೆ ಇಳಿಸಬೇಕು, ಮೂರನೆಯ ಸಲ. ಈ ಬಾರಿ ಡೇಟಾಬೇಸಿಗೆ ಮೀಸಲಿಡುವ ಮೆಮೊರಿಯ ಮಿತಿಯಾದ, 450 ಎಂಬಿ ಇದ್ದ ಡಿಬಿಕ್ಯಾಶನ್ನು ಕೆಲವು ಸಾವಿರಕ್ಕೆ ಏರಿಸಿದೆ, ಅಸ್ಯೂಮ್‌ವ್ಯಾಲಿಡ್ ಸೆಟ್ಟಿಂಗನ್ನು ಸುಮ್ಮನೆ ಇದ್ದಂತೆ ಬಿಟ್ಟೆ. ವಾರಗಟ್ಟಲೆಯ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಚುಚ್ಚಿತು.

ಇನ್ನೊಂದು ವಾರಕ್ಕೆ ಹೆಂಡತಿಯ ಆನ್‌ಲೈನ್ ಸಭೆ ನಡುವೆಯೇ ನಿಂತಿತು. ಅವಳ ಮೇಲಧಿಕಾರಿ ಬಾಯಿ ಅರ್ಧ ತೆರೆದು ಪರದೆಯ ಮೇಲೆ ಕಲ್ಲಾಗಿದ್ದರು. ನೋಡಿದರೆ ಈಗ ನನ್ನ ಬಳಿ ಇಡೀ ಪುಸ್ತಕವಿದೆಯೆಂದು ತಿಳಿದ ಯಾರೋ ಹೊಸಬರು 8333ನೆಯ ಪೋರ್ಟಿನಿಂದ ಬಂದು 2009ರಿಂದ ಇಳಿಸಿಕೊಳ್ಳುತ್ತಿದ್ದರು. ಯಾರೋ, ನನ್ನಂಥವರೇ. ಮನಸ್ಸು ಬರದಿದ್ದರೂ ದಿನಕ್ಕಿಷ್ಟೇ ಎಂದು ಮಿತಿ ಹಾಕಿದೆ.

“ಇಷ್ಟೆಲ್ಲ ಮಾಡಿದ್ದೀರಲ್ಲ, ನಮ್ಮದು ಅದರಲ್ಲಿ ಎಷ್ಟಿದೆ?” ಎಂದಳು ಹೆಂಡತಿ.

“ಎಲ್ಲವೂ ಇದೆ. ಒಂಬತ್ತು ಲಕ್ಷಕ್ಕೂ ಹೆಚ್ಚು ಬ್ಲಾಕ್‌ಗಳು.”

“ಅದಲ್ಲ. ನಾಣ್ಯ?”

ನಾಣ್ಯ ಒಂದೂ ಇರಲಿಲ್ಲ. ಕೊಳ್ಳಬೇಕೆಂದರೆ ಯಾವ ವ್ಯಾಲೆಟ್ ಎಂದು ಆರಿಸಬೇಕು. ನೋಟುಬುಕ್ಕಿನಲ್ಲಿ ಇನ್ನೂ ಹಾಳೆಗಳಿವೆ.

ಮೊನ್ನೆ ರಾತ್ರಿ ಮಲಗಿದ ಮೇಲೆ ನೋಡ್ ನಡೆಯುತ್ತಿದೆಯೋ ಇಲ್ಲವೋ ಎಂಬ ಶಂಕೆ. ಮಗ್ಗುಲಾದೆ. ಕತ್ತಲಲ್ಲೇ ಹೆಂಡತಿಯ ದನಿ: “ನಡೆಯುತ್ತಿದೆ. ಈಗಷ್ಟೇ ನೋಡಿ ಬಂದೆ.”

ಇಷ್ಟು ವರ್ಷಗಳಲ್ಲಿ ಅವಳು ನನಗೆ ಸುಳ್ಳು ಹೇಳಿದ್ದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅವಳ ಉಸಿರು ಒಂದೇ ಲಯಕ್ಕೆ ಬಂದ ಮೇಲೆ, ಚಪ್ಪಲಿ ಮೆಟ್ಟದೆ, ಮೆಲ್ಲನೆ ಎದ್ದು ಹೋಗಿ ನೋಡಿದೆ. ನಡೆಯುತ್ತಿತ್ತು.